ಮೂರನೇ ಮಹಡಿಯ ಟಬ್ಬು

ಮಾರ್ಚ್ 3, ಸೋಮವಾರ

ಸಂಗೀತದ ಟೀಚರ್ ಮನೆಯಲ್ಲಿ ಕೆಲಸ ಹಿಡಿದೆವು. ಮೂರನೇ ಮಹಡಿ. ಇರುವವರು ಟೀಚರ್ ಮತ್ತು ಅವರ ಅತ್ತೆ, ಇಬ್ಬರೇ. ಅತ್ತೆಗೆ ಉಬ್ಬಸ. ಅವರ ಉಸಿರಿನ ಸದ್ದು ನಡುಮನೆಯಿಂದ ಸ್ನಾನದ ಕೋಣೆಯತನಕ ಕೇಳುತ್ತದೆ.

ಟಬ್ಬಿಗೂ ಗೋಡೆಗೂ ನಡುವಿನ ಸಂದಿನಿಂದ ನೀರಿಳಿದು ಕೆಳಗಿನ ಮನೆಯ ಚಾವಣಿಯಲ್ಲಿ ಕಂದು ಕಲೆ ಬಿದ್ದಿದೆ. ಹಿಂದೆ ಯಾರೋ ಪುಣ್ಯಾತ್ಮ ಆ ಸಂದಿಗೆ ಸಿಮೆಂಟಿನ ಗ್ರೌಟ್ ತುಂಬಿ ಕೈತೊಳೆದುಕೊಂಡಿದ್ದಾನೆ. ಟೈಲ್ಸಿಗೂ ಟೈಲ್ಸಿಗೂ ನಡುವೆ ಗ್ರೌಟ್ ಸರಿ, ಟಬ್ಬಿನ ಅಂಚಿಗೆ ಅದು ಆಗಿಬರುವುದಿಲ್ಲ. ನೀರು ತುಂಬಿ ಮನುಷ್ಯ ಕೂತರೆ ಟಬ್ಬು ಕೂದಲೆಳೆಯಷ್ಟು ಇಳಿಯುತ್ತದೆ, ಗ್ರೌಟ್ ಬಿರಿಯುತ್ತದೆ. ಬಿರಿದ ಮೇಲೆ ಇನ್ನೊಬ್ಬ ಬಂದು ಅದರ ಮೇಲೇ ರಬ್ಬರಿನಂಥ ಸಿಲಿಕಾನ್ ಅಂಟು ಬಳಿದಿದ್ದಾನೆ, ಆಮೇಲೆ ಮತ್ತೊಬ್ಬ. ಒಟ್ಟು ಮೂರು ಪದರ. ಅಡಿಯಲ್ಲಿ ಕರಿ ಬೂಷ್ಟು.

ಹುಣ್ಣಿನ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಪಟ್ಟಿ, ಹುಣ್ಣನ್ನು ಮಾತ್ರ ಯಾರೂ ನೋಡಿಲ್ಲ ಎಂದು ಅಣ್ಣ ಟೀಚರಿಗೆ ವಿವರಿಸಿದ. ಟೀಚರ್ ನನ್ನ ಕಡೆ ತಿರುಗಿ ಏನೋ ಕೇಳಿದರು. ಅಣ್ಣ ಎಂದಿನ ಹಾಗೆ, "ಅವಳನ್ನ ಕೇಳ್ಬೇಡಿ ಮೇಡಂ, ನಮ್ಮ ಮೂಗಿ ಬೆರಳಲ್ಲಿ ಮಾತ್ರ ಮಾತಾಡೋದು" ಅಂದ. ಹದಿನಾಲ್ಕು ವರ್ಷದಿಂದ ಇದೇ ಜೋಕು. ಬಾಯಿ ಅವನದು, ಬೆರಳು ನನ್ನದು. ಕೊನೆಯಲ್ಲಿ ಸಿಲಿಕಾನನ್ನು ಸವರಿ ನೀಟು ಮಾಡುವುದು ನಾನೇ.

ಸಂಜೆತನಕ ಮೇಲಿನ ಸಡಿಲ ಪದರವನ್ನು ಬ್ಲೇಡಿನಿಂದ ಕೆರೆದದ್ದೇ ಆಯಿತು. ನಾಳೆ ಕರಗಿಸುವ ಎಣ್ಣೆ ಹಾಕಿ ಉಳಿದದ್ದನ್ನು ಎಬ್ಬಿಸಬೇಕು.

ಮಾರ್ಚ್ 4, ಮಂಗಳವಾರ

ಅಣ್ಣ ಇಲ್ಲ.

ಮಾರ್ಚ್ 6, ಗುರುವಾರ

ಬರೆದರೆ ತಲೆ ನಿಂತೀತು ಎಂದು ಬರೆಯುತ್ತಿದ್ದೇನೆ. ಇದು ಕೆಲಸದ ಪುಸ್ತಕ. ಯಾವ ಮನೆ, ಯಾವ ಅಳತೆ ಎಂದು ಗುರುತು ಹಾಕಿಕೊಳ್ಳಲು ಇಟ್ಟದ್ದು. ಬೇರೆ ಪುಸ್ತಕ ಹುಡುಕುವ ತ್ರಾಣವಿಲ್ಲ.

ಮಂಗಳವಾರ ಒಂಬತ್ತಕ್ಕೆ ಅಣ್ಣ ಶುರು ಮಾಡಿದ. ಕರಗಿಸುವ ಎಣ್ಣೆ ಎಂದು ನಾವು ಹೆಸರಿಟ್ಟಿದ್ದೇವೆ, ಆದರೆ ಅದು ಎಣ್ಣೆಯಲ್ಲ. ನೀರಿನಷ್ಟು ತೆಳು, ಸಿಹಿ ವಾಸನೆ. ಹಳೇ ಸಿಲಿಕಾನು, ಬಣ್ಣ, ಅಂಟು, ಏನನ್ನಾದರೂ ಹತ್ತು ನಿಮಿಷದಲ್ಲಿ ಮೆತ್ತಗೆ ಮಾಡುತ್ತದೆ. ಅಣ್ಣ ಟಬ್ಬಿನೊಳಗೆ ಮಂಡಿಯೂರಿ, ಬಗ್ಗಿ, ಅಂಚಿನುದ್ದಕ್ಕೂ ಬ್ರಶ್ಶಿನಿಂದ ಬಳಿಯುತ್ತ ಹೋದ. ಕಿಟಕಿ ಅಂಗೈಯಗಲದ್ದು, ಹಳೇ ಬಣ್ಣ ಮೆತ್ತಿಕೊಂಡು ತೆಗೆಯಲು ಬರುತ್ತಿರಲಿಲ್ಲ. ಬಾಗಿಲು ಹಾಕಿತ್ತು.

ನಾನು ಹೊಸ ಸಿಲಿಕಾನ್ ಟ್ಯೂಬು ತರಲು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿ ಜನ ಇದ್ದರು. ಹೋಗಿ ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಬಾಗಿಲು ತೆಗೆದರೆ ಅಣ್ಣ ಟಬ್ಬಿನಲ್ಲಿ ಮಗ್ಗುಲಾಗಿ ಮಲಗಿದ್ದ. ಕೆನ್ನೆ ಟಬ್ಬಿನ ತಳಕ್ಕೆ ಒತ್ತಿಕೊಂಡಿತ್ತು. ಒಣಗಿದ ಟಬ್ಬು ಕಂಡರೆ ಅವನಿಗೆ ಮೊದಲಿಂದಲೂ ಮಲಗುವ ಚಪಲ. ಗಿರಾಕಿಗಳು ಅತ್ತ ಹೋದರೆ ಸಾಕು, ಕಾಲು ಚಾಚಿ, ರಾಜನ ಠೀವಿಯಲ್ಲಿ, ಬಿಸಿನೀರು ತಾ ಎಂದು ನನ್ನನ್ನು ಕಾಡಿಸುತ್ತಿದ್ದ. "ಸಾಕು ಏಳು, ಮೈಗೆಲ್ಲ ಮೆತ್ಕೊಳ್ತೀಯ" ಅಂದೆ. ಏಳಲಿಲ್ಲ. ಇನ್ನೊಂದು ಸಲ ಅಂದೆ. ಎರಡನೇ ಸಲ ಬೈದೇ ಅಂದೆ.

ಎರಡು ಸಲ. ಅಷ್ಟು ಹೊತ್ತು ನಾನು ಅಲ್ಲಿ ನಿಂತು ಅವನನ್ನು ಬೈಯುತ್ತಿದ್ದೆ.

ಬಗ್ಗಿ ಭುಜ ಹಿಡಿದಾಗ ಕಣ್ಣು ಕತ್ತಲಿಟ್ಟು ಬಂತು. ತಲೆ ಬುಗುರಿಯಾಡಿತು. ಕಂಕುಳಿಗೆ ಕೈಹಾಕಿ ಎಳೆದರೂ ಅವನು ಮಿಸುಕಲಿಲ್ಲ. ಟೀಚರ್ ಬಾಗಿಲಲ್ಲಿ ಗರಬಡಿದವರ ಹಾಗೆ ನಿಂತುಬಿಟ್ಟಿದ್ದರು. ಓಡಿಬಂದವರು ಅವರ ಅತ್ತೆ, ಆ ಅಜ್ಜಿ. ಊರುಗೋಲು ಬಿಸಾಡಿ, ಕೆಮ್ಮುತ್ತಲೇ ಅವನ ಅಂಗಿಯ ಕಾಲರಿಗೆ ಕೈಹಾಕಿದರು. ಇಬ್ಬರೂ ಸೇರಿ ನಡುಮನೆಗೆ ಎಳೆದುಕೊಂಡು ಬಂದೆವು. ಬ್ಲೇಡಿನ ಹಿಡಿ ಅವನ ಮುಷ್ಟಿಯಲ್ಲೇ ಇತ್ತು. ಒಂದೊಂದೇ ಬೆರಳು ಬಿಡಿಸಿ ತೆಗೆದೆ. ಬೆರಳು ಇನ್ನೂ ಬೆಚ್ಚಗಿದ್ದವು.

ಆಸ್ಪತ್ರೆಯಲ್ಲಿ ಎದೆ ನಿಂತಿದೆ ಅಂದರು. ನಲವತ್ತಾರು ವಯಸ್ಸಿಗೆ ಹೀಗಾಗುವುದುಂಟು, ಆದರೂ ಪರೀಕ್ಷೆ ಮಾಡಿ ಹೇಳುತ್ತೇವೆ ಅಂದರು.

ಮಾರ್ಚ್ 8, ಶನಿವಾರ

ಅಣ್ಣನನ್ನು ಕಳಿಸಿಕೊಟ್ಟು ಬಂದೆವು. ಅತ್ತಿಗೆ ಅಳಲಿಲ್ಲ. ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವ ಕೆಲಸದಲ್ಲಿದ್ದಾರೆ. ಮನೆಗೆ ಬಂದವರೇ ಒಂದು ಮೂಲೆ ಹಿಡಿದು ಕೂತು, ತಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಅರ್ಧ ಗಂಟೆ ಒರೆಸಿದರು. ಕೊನೆಗೆ ಚಿನ್ನು ಹೋಗಿ ಅಮ್ಮನ ಕೈಯಿಂದ ಅದನ್ನು ತೆಗೆದು ಅಮ್ಮನ ಮುಖಕ್ಕೇ ಹಾಕಿದಳು. ಚಿನ್ನು ಅಣ್ಣನ ಮಗಳು. ಹನ್ನೆರಡು ವರ್ಷ. ನಾನೂ ಅವಳೂ ಒಂದೇ ಕೋಣೆ.

ಮಾರ್ಚ್ 10, ಸೋಮವಾರ

ಸ್ನಾನದ ಕೋಣೆಗೆ ಹೋಗಲು ಆಗುತ್ತಿಲ್ಲ. ಅಡುಗೆಮನೆಯ ನಲ್ಲಿಯಲ್ಲೇ ಮುಖ, ಕೈಕಾಲು.

ಮಾರ್ಚ್ 14, ಶುಕ್ರವಾರ

ಎದೆಯಲ್ಲ. ಎಣ್ಣೆ.

ಡಾಕ್ಟರೂ ವಿಚಾರಣೆಯ ಅಧಿಕಾರಿಯೂ ಒಟ್ಟಿಗೆ ಕರೆಸಿ ಹೇಳಿದರು. ಆ ಎಣ್ಣೆಯ ಆವಿ ಗಾಳಿಗಿಂತ ಭಾರವಂತೆ. ಮೇಲೆ ಹೋಗುವುದಿಲ್ಲ, ಕೆಳಗೆ ಇಳಿಯುತ್ತದೆ. ಟಬ್ಬಿನಲ್ಲಿ ನೀರು ನಿಲ್ಲುವ ಹಾಗೆ ಆವಿ ನಿಂತಿತ್ತು. ಅಣ್ಣ ಅದರೊಳಗೆ ತಲೆ ಬಗ್ಗಿಸಿಕೊಂಡಿದ್ದ. ಮುಳುಗಿದವನ ಹಾಗೇ, ಅಂದರು ಡಾಕ್ಟರ್. ಮೊದಲು ಮಂಪರು ಬರುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಮೂರನೇ ಮಹಡಿಯಲ್ಲಿ, ಒಣಗಿದ ಟಬ್ಬಿನಲ್ಲಿ, ನನ್ನ ಅಣ್ಣ ಮುಳುಗಿ ಸತ್ತ. ಇದನ್ನು ಎಷ್ಟು ಸಲ ಬರೆದರೂ ನಂಬಲಾಗುತ್ತಿಲ್ಲ.

ಹದಿನಾಲ್ಕು ವರ್ಷ ಅದೇ ಎಣ್ಣೆ. ಹಾಲಿನ ಪಾತ್ರೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇವೆ.

ಅಧಿಕಾರಿ ಕಾಗದದ ಮೇಲೆ ಕೋಣೆಯ ಚಿತ್ರ ಬರೆದು, ಕಿಟಕಿ ಎಲ್ಲಿ, ಬಾಗಿಲು ಹೇಗಿತ್ತು ಎಂದು ಕೇಳಿದರು. "ಬಾಗಿಲು ಹಾಕಿತ್ತು" ಅಂದೆ. ಅವರು ಹಾಗೇ ಬರೆದುಕೊಂಡರು. ನಮ್ಮ ಮಾತಿನಲ್ಲಿ ಇದೊಂದು ಅನುಕೂಲ. ಯಾರು ಹಾಕಿದರು ಎಂದು ಹೇಳದೆಯೇ ಬಾಗಿಲು ಹಾಕಿಬಿಡಬಹುದು.

ಮನೆಗೆ ಬಂದ ಮೇಲೆ ಅತ್ತಿಗೆ ಅಣ್ಣನ ಚೀಲದಿಂದ ಆ ಎಣ್ಣೆಯ ಡಬ್ಬ ತೆಗೆದರು. ತುಂಬಿದ್ದ ಡಬ್ಬ ಅಧಿಕಾರಿಗಳ ಹತ್ತಿರ ಇದೆ, ಇದು ಹಳೆಯ ಖಾಲಿ ಡಬ್ಬ. ಹೊರಗೆ ಬಿಸಿಲಲ್ಲಿ ಕೂತು, ಗಾಜು ನೋಡುವ ಭೂತಗನ್ನಡಿ ಕಣ್ಣಿಗೆ ಹಿಡಿದು, ಸೋರಿ ಮಸುಕಾದ ಚೀಟಿಯ ಮೇಲಿನ ಸಾಸಿವೆಗಾತ್ರದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಓದಿದರು. ಗಾಳಿಯಾಡದ ಜಾಗದಲ್ಲಿ ಬಳಸಬಾರದು. ಬಾಗಿಲು ಕಿಟಕಿ ತೆರೆದಿರಬೇಕು. ಆವಿ ಜೀವಕ್ಕೆ ಅಪಾಯ.

ಓದಿ ಮುಗಿಸಿ ಡಬ್ಬ ಕೆಳಗಿಟ್ಟರು.

"ಇಷ್ಟು ಬರೆದಿದ್ದಾರೆ. ಇವರು ಓದಲಿಲ್ಲ. ಬಾಗಿಲು ಬೇರೆ ಹಾಕ್ಕೊಂಡು ಕೂತ್ರು" ಅಂದರು. "ನಾನು, ಚಿನ್ನು, ಯಾರೂ ನೆನಪಾಗಲಿಲ್ವಾ ಅವರಿಗೆ?"

ನಾನು ಡಬ್ಬದ ಮುಚ್ಚಳ ಬಿಗಿ ಮಾಡಿದೆ.

ಮಾರ್ಚ್ 17, ಸೋಮವಾರ

ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಯಾಕೆ ಹೋದೆನೋ ಗೊತ್ತಿಲ್ಲ, ಕಾಲು ಕರೆದುಕೊಂಡು ಹೋಯಿತು. ಅಂಗಡಿಯ ಯಜಮಾನರಿಗೆ ನಮ್ಮನ್ನು ಕಂಡರೆ ಮನೆಯವರಷ್ಟೇ ಸಲುಗೆ. ಕುರ್ಚಿ ಕೊಟ್ಟರು, ಟೀ ತರಿಸಿದರು. ಅಣ್ಣನ ಒಳ್ಳೆಯತನ ಹೇಳಿ ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಎದೆಯಲ್ಲವಂತೆ, ಎಣ್ಣೆಯಂತೆ ಎಂದು ನಾನು ಹೇಳಿದೆ.

ಅವರು ಲೋಟ ಕೆಳಗಿಟ್ಟು, ದನಿ ತಗ್ಗಿಸಿ, "ನನಗೂ ಹಾಗೇ ಅನ್ಸಿತ್ತಮ್ಮ. ಹೋದ ವರ್ಷಾನೂ ಒಬ್ಬ ಹೀಗೇ ಟಬ್ಬಲ್ಲೇ ಹೋದ. ಆಗಲೂ ಎದೆ ಅಂದ್ರು" ಅಂದರು.

ಲೋಟದ ಟೀ ನನ್ನ ತೊಡೆಯ ಮೇಲೆ ಚೆಲ್ಲಿತು. ಬಿಸಿ ಎಂದು ಕೂಡ ಅನ್ನಿಸಲಿಲ್ಲ.

ಹೋದ ವರ್ಷ. ಅಂದರೆ ಆಮೇಲೆ ನಾವು ಎಷ್ಟು ಸಲ ಆ ಕಟ್ಟೆಯ ಮುಂದೆ ನಿಂತು ಆ ಡಬ್ಬ ಕೇಳಿದ್ದೇವೆ? ಪ್ರತಿ ಸಲವೂ ಇವರೇ ತೆಗೆದು ಕೊಟ್ಟಿದ್ದಾರೆ. ಅಣ್ಣ ಪ್ರತಿ ಸಲವೂ ಏನಾದರೊಂದು ತಮಾಷೆ ಮಾಡಿದ್ದಾನೆ, ಇವರು ನಕ್ಕಿದ್ದಾರೆ. ಹೇಳಲಿಲ್ಲವೇಕೆ ಎಂದು ಕೇಳಿದೆ. ಖಾತ್ರಿ ಇರಲಿಲ್ಲವಲ್ಲಮ್ಮ, ಸುಮ್ಮನೆ ಜನರನ್ನು ಹೆದರಿಸುವುದು ಯಾಕೆ ಅಂದುಕೊಂಡೆ ಎಂದರು.

ಎದ್ದು ಬಂದೆ. ಮನೆಯ ದಾರಿ ತಪ್ಪಿ ಎರಡು ಬೀದಿ ಆಚೆ ಹೋಗಿ ನಿಂತಿದ್ದೆ.

ಮಾರ್ಚ್ 18, ಮಂಗಳವಾರ

ಹೋದ ವರ್ಷವೇ ಗೊತ್ತಿತ್ತು.

ಮಾರ್ಚ್ 19, ಬುಧವಾರ

ಅಂಗಡಿಯವರು ಗೊತ್ತಿದ್ದೂ ಸುಮ್ಮನಿದ್ದರು ಎಂದು ಎರಡು ದಿನದಿಂದ ಹಲ್ಲು ಕಚ್ಚುತ್ತಿದ್ದೇನೆ. ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಇನ್ನೊಬ್ಬಳು ಕಂಡಳು, ಗೊತ್ತಿದ್ದೂ ಸುಮ್ಮನಿರುವವಳು.

ಬಾಗಿಲು ನಾನು ಹಾಕಿದೆ.

ಅಂಗಡಿಗೆ ಹೊರಟಾಗ ಟೀಚರ್ ಬಂದು, ವಾಸನೆಗೆ ಅತ್ತೆಗೆ ಕೆಮ್ಮು ಹತ್ತಿದೆ, ಸ್ವಲ್ಪ ಬಾಗಿಲು ಹಾಕಿಕೊಳ್ಳುತ್ತೀರಾ ಅಂದರು. ನಾನು ತಲೆಯಾಡಿಸಿದೆ. ಬಾಗಿಲು ಎಳೆದುಕೊಂಡೆ. ಪೂರ್ತಿ ಕೂರಲಿಲ್ಲ, ಹಿಡಿ ತಿರುಗಿಸಿ ಇನ್ನೊಂದು ಸಲ ಎಳೆದೆ. ಕಟ್ ಎಂದಿತು. ಮೆಟ್ಟಿಲಿಳಿದು ಹೋದೆ. ಇಷ್ಟೇ.

ಬರೆದೆ. ಬರೆಯುವುದಕ್ಕೆ ಹದಿನೈದು ದಿನ ಬೇಕಾಯಿತು.

ಮಾರ್ಚ್ 22, ಶನಿವಾರ

ಮೂರು ದಿನದಿಂದ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ ಕಟ್ಟೆಯ ಪಕ್ಕ ನಿಲ್ಲುತ್ತಿದ್ದೇನೆ. ಸಿಲಿಕಾನ್ ಕೇಳಿ ಬರುವವರು, ಬಣ್ಣ ಬಳಿಯುವವರು, ಟೈಲ್ಸ್ ಕೂರಿಸುವವರು, ಎಲ್ಲ ಎಂಟರೊಳಗೆ ಬಂದು ಹೋಗುತ್ತಾರೆ. ಒಬ್ಬೊಬ್ಬರಿಗೂ ಹೇಳುತ್ತೇನೆ. ಟಬ್ಬಲ್ಲಿ ಈ ಎಣ್ಣೆ ಬೇಡ, ಇದರ ಆವಿ ತಳದಲ್ಲಿ ನಿಲ್ಲುತ್ತದೆ, ನಮ್ಮಣ್ಣ ಹೀಗೇ ಹೋದ. ಮೊದಲ ದಿನ ದನಿ ಹೊರಡಲಿಲ್ಲ, ಒಬ್ಬನ ತೋಳು ಹಿಡಿದು ಎಳೆದಿದ್ದಕ್ಕೆ ಅವನು ಬೆಚ್ಚಿಬಿದ್ದ. ಇವತ್ತು ಹನ್ನೊಂದು ಜನ.

ಒಬ್ಬ ಬಣ್ಣದವನು ನಕ್ಕ. ಇಪ್ಪತ್ತು ವರ್ಷದಿಂದ ಇದನ್ನೇ ಉಸಿರಾಡಿ ಬದುಕಿದ್ದೇನೆ ಅಂದ. "ನಮ್ಮಣ್ಣ ಹದಿನಾಲ್ಕು ವರ್ಷ ಬದುಕಿದ್ದ" ಅಂದೆ. ಅವನು ಡಬ್ಬ ವಾಪಸು ಇಟ್ಟು ಹೋದ.

ಅಂಗಡಿಯ ಯಜಮಾನರು ಮೊದಲು ಮುಖ ಊದಿಸಿಕೊಂಡರು. ವ್ಯಾಪಾರದ ಹೊತ್ತಲ್ಲಿ ಹೀಗೆ ನಿಂತರೆ ಹೇಗಮ್ಮ ಎಂದು ಗೊಣಗಿದರು. ಇವತ್ತು ಮಧ್ಯಾಹ್ನ ಏನನ್ನಿಸಿತೋ, ಆ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಒಳಗೆ ತೆಗೆದುಕೊಂಡು ಹೋದರು.

ಮಾರ್ಚ್ 25, ಮಂಗಳವಾರ

ಟೀಚರ್ ಫೋನ್ ಮಾಡಿದ್ದರು. ಕೇಳುವುದಕ್ಕೇ ನಾಚಿಕೆಯಾಗುತ್ತದೆ ಎಂದು ಮೂರು ಸಲ ಅಂದ ಮೇಲೆ ವಿಷಯಕ್ಕೆ ಬಂದರು. ಆವತ್ತಿನಿಂದ ಅವರೂ ಅಜ್ಜಿಯೂ ಪಕ್ಕದ ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದಾರಂತೆ. ಬೇರೆ ಇಬ್ಬರು ಕೆಲಸದವರು ಬಂದು, ವಿಷಯ ತಿಳಿದು, ಹೊಸಿಲಿನಿಂದಲೇ ವಾಪಸು ಹೋದರಂತೆ.

ನಾನೇ ಮುಗಿಸುತ್ತೇನೆ ಅಂದೆ.

ಮಾರ್ಚ್ 27, ಗುರುವಾರ

ಹೊಸಿಲು ದಾಟಲು ಹತ್ತು ನಿಮಿಷ ಬೇಕಾಯಿತು. ಟಬ್ಬು ಯಾರೋ ತೊಳೆದಿಟ್ಟಿದ್ದಾರೆ, ಬೆಳ್ಳಗೆ ಹೊಳೆಯುತ್ತಿದೆ. ಏನಾದರೂ ಗುರುತು ಇರಬಹುದು ಎಂದುಕೊಂಡು ಬಂದಿದ್ದೆ. ಏನೂ ಇಲ್ಲ. ಅಣ್ಣ ಬಳಿದು ಮೆತ್ತಗೆ ಮಾಡಿದ್ದ ಸಿಲಿಕಾನು ಮಾತ್ರ ಅರ್ಧ ಎದ್ದು, ಹಾಗೇ ಗಟ್ಟಿಯಾಗಿ ಸುರುಳಿ ಸುತ್ತಿಕೊಂಡಿತ್ತು. ಉದ್ದದ ಬದಿ ಪೂರ್ತಿ, ಅಡ್ಡದ ಬದಿ ಎರಡು ಗೇಣು. ಅಲ್ಲಿಗೆ ನಿಂತಿದೆ.

ಮೊದಲು ಕಿಟಕಿ. ಬಣ್ಣದ ಅಂಚನ್ನು ಬ್ಲೇಡಿನಿಂದ ಕೊಯ್ದು, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ತೆಗೆದೆ. ನಡುಮನೆಯ ಫ್ಯಾನು ತಂದು ಬಾಗಿಲಲ್ಲಿಟ್ಟೆ. ಇನ್ನು ಯಾವ ಎಣ್ಣೆಯೂ ಬೇಡ. ಬ್ಲೇಡು, ಮರದ ಚೂಪು ಕಡ್ಡಿ, ತಾಳ್ಮೆ, ಮೂರೇ. ಎಣ್ಣೆಯಿಂದ ಒಂದು ಗಂಟೆಯಲ್ಲಿ ಆಗುವ ಕೆಲಸಕ್ಕೆ ಇಡೀ ದಿನ ಹಿಡಿಯಿತು. ಇಡೀ ದಿನವೇ ತಾನೇ. ಒಂದು ದಿನ ಹೆಚ್ಚು ಹಿಡಿದರೆ ನಮ್ಮ ಗಂಟೇನು ಹೋಗುತ್ತಿತ್ತು?

ಅಜ್ಜಿ ನಡುಮನೆಯಿಂದ ಕುರ್ಚಿ ಎಳೆದುಕೊಂಡು ಬಂದು ಬಾಗಿಲ ಎದುರೇ ಕೂತರು. ದೂಳು, ಒಳಗಿರಿ ಅಂದೆ. ಇಲ್ಲೇ ಇರ್ತೀನಿ, ನೀನು ಕಾಣ್ತಾ ಇರ್ಬೇಕು ಅಂದರು. ಸಂಜೆಯತನಕ ಕದಲಲಿಲ್ಲ.

ಮಾರ್ಚ್ 28, ಶುಕ್ರವಾರ

ಇವತ್ತು ಸಂದಿಗೆ ಸಿಲಿಕಾನ್ ತುಂಬಿದೆ.

ಸಂದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಟಬ್ಬಿಗೆ ಮುಕ್ಕಾಲು ಪಾಲು ನೀರು ಬಿಟ್ಟೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನೀರಿನ ಭಾರಕ್ಕೆ ಟಬ್ಬು ಇಳಿದು ಸಂದು ಬಾಯಿ ಬಿಡುತ್ತದೆ, ಬಾಯಿ ಬಿಟ್ಟಾಗಲೇ ತುಂಬಬೇಕು. ಖಾಲಿ ಟಬ್ಬಿಗೆ ತುಂಬಿದರೆ ಮೊದಲ ಸ್ನಾನಕ್ಕೇ ಕಿತ್ತುಬರುತ್ತದೆ. ಬಟ್ಟೆ ಮಂಡಿಗೆ ಮಡಚಿ ನೀರಿಗಿಳಿದೆ. ಸಂದಿನ ಮೇಲೂ ಕೆಳಗೂ ಟೇಪು ಹಚ್ಚಿದೆ, ಟ್ಯೂಬಿನ ಮೂತಿ ಓರೆಯಾಗಿ ಕತ್ತರಿಸಿದೆ, ಟ್ಯೂಬಿನ ಗನ್ನು ಒತ್ತುತ್ತ ಒಂದೇ ಎಳೆತದಲ್ಲಿ ಬದಿ ಮುಗಿಸಿದೆ. ಆಮೇಲೆ ಸೋಪಿನ ನೀರಿಗೆ ಬೆರಳದ್ದಿ ಸವರಿದೆ. ಟೇಪು ಕಿತ್ತಾಗ ಗೆರೆ ಎಳೆದಂತೆ ಬಂದಿತ್ತು. ಕೈ ಮರೆತಿಲ್ಲ.

ನೀರಿಂದ ಮೇಲೆ ಬಂದಾಗ ಟೀಚರ್ ಟವೆಲ್ಲು ಹಿಡಿದು ನಿಂತಿದ್ದರು. ಕೊಡಲಿಲ್ಲ, ಹಿಡಿದೇ ನಿಂತಿದ್ದರು.

"ಬಾಗಿಲು ಹಾಕಿ ಅಂದಿದ್ದು ನಾನು" ಅಂದರು. "ಅಧಿಕಾರಿಗಳು ಬಂದಾಗ ಹೇಳಲಿಲ್ಲ. ನೀವೂ ಹೇಳಲಿಲ್ಲ ಅಂತ ಗೊತ್ತಾಯ್ತು. ನನ್ನನ್ನ ಕಾಪಾಡೋಕೆ ಸುಮ್ಮನಿದ್ದೀರಿ ಅಂತ ದಿನಾ ಅಂದ್ಕೊಳ್ತೀನಿ. ಆಮೇಲೆ ಮಕ್ಕಳಿಗೆ ಪಾಠ ಹೇಳೋಕೆ ಕೂತರೆ ದನಿ ಬರಲ್ಲ."

ಕಾಪಾಡುವುದು! ಈಕೆಯ ನೆನಪೇ ನನಗೆ ಬಂದಿರಲಿಲ್ಲ. ಟವೆಲ್ಲು ತೆಗೆದುಕೊಂಡೆ. ನೀವು ಹೇಳಿದಿರಿ, ಹಾಕಿದ್ದು ನಾನು, ಮೂರು ವಾರದಿಂದ ಕಾಪಾಡಿಕೊಂಡಿದ್ದು ನನ್ನನ್ನೇ ಎಂದೆ. ನಾಳೆ ಇದೇ ಹೊತ್ತಿನತನಕ ನೀರು ಖಾಲಿ ಮಾಡಬೇಡಿ, ಅಲ್ಲಿವರೆಗೂ ತುಂಬಿಯೇ ಇರಲಿ ಎಂದು ಹೇಳಿ ಬಂದೆ.

ಮಾರ್ಚ್ 30, ಭಾನುವಾರ

ಚಿನ್ನು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಕೂತಿದ್ದಳು. ಬೆನ್ನು ನನ್ನ ಕಡೆ. ಅವಳ ಕೂದಲು ಅಣ್ಣನ ಕೂದಲಿನ ಹಾಗೇ, ಬಾಚಣಿಗೆಗೆ ಬಗ್ಗುವುದಿಲ್ಲ.

"ಅತ್ತೆ, ಅಪ್ಪಂಗೆ ಬುದ್ಧಿ ಇರಲಿಲ್ವಾ?" ಅಂದಳು.

ಯಾಕೆ ಎಂದು ಕೇಳಿದೆ. ಕ್ಲಾಸಿನಲ್ಲಿ ಯಾರೋ ಕೇಳಿದರಂತೆ, ನಿಮ್ಮಪ್ಪ ಬಾಗಿಲು ಹಾಕಿಕೊಂಡು ವಿಷ ಕುಡಿದರಂತೆ ಹೌದಾ ಎಂದು. ಕುಡೀಲಿಲ್ಲ, ಬುದ್ಧಿ ಇಲ್ಲದೆ ಬಾಗಿಲು ಹಾಕ್ಕೊಂಡ್ರು ಅಷ್ಟೇ ಎಂದು ಇವಳು ಉತ್ತರ ಕೊಟ್ಟಿದ್ದಾಳೆ. ಅಮ್ಮ ಹಾಗೇ ಹೇಳುತ್ತಾರಲ್ಲ.

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಇಷ್ಟು ದಿನ ಅತ್ತಿಗೆಗೆ ಗೊತ್ತಾದರೆ ನನ್ನ ಗತಿ ಏನು ಎಂದಷ್ಟೇ ಯೋಚಿಸಿದ್ದೆ. ಈ ಮನೆ ಬಿಟ್ಟರೆ ನನಗೆ ಇನ್ನೊಂದು ಮನೆಯಿಲ್ಲ. ಆದರೆ ನಾನು ಸುಮ್ಮನಿದ್ದಷ್ಟೂ ಸತ್ತವನನ್ನು ದಿನಾ ಎಬ್ಬಿಸಿ ಬೈಯುತ್ತಿದ್ದಾರೆ. ಅವನು ಮಾಡದ ತಪ್ಪಿಗೆ, ಅವನ ಹೆಂಡತಿ, ಅವನ ಮಗಳು.

ಎರಡು ಜಡೆಯನ್ನೂ ಹೆಣೆದು ಮುಗಿಸಿದೆ. ಚಿನ್ನುವಿನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಿದೆ.

"ಅತ್ತಿಗೆ, ಬಾಗಿಲು ಅಣ್ಣ ಹಾಕ್ಕೊಂಡಿದ್ದಲ್ಲ. ನಾನು ಹಾಕಿದ್ದು."

ಅತ್ತಿಗೆ ಅರ್ಥವಾಗದವರ ಹಾಗೆ ನೋಡಿದರು. ಇನ್ನೊಂದು ಸಲ ಹೇಳಿದೆ. ಅಜ್ಜಿಯ ಕೆಮ್ಮು, ಟೀಚರ್ ಕೇಳಿದ್ದು, ಕೂರದ ಬಾಗಿಲನ್ನು ಎರಡನೇ ಸಲ ಎಳೆದದ್ದು, ಒಂದನ್ನೂ ಬಿಡದೆ ಹೇಳಿದೆ. ಬಾಗಿಲು ಹಾಕುವಾಗ ಅಣ್ಣ ಏನಂದ ಎಂಬುದನ್ನು ಮಾತ್ರ ಹೇಳಲಿಲ್ಲ.

"ಎರಡು ವಾರ" ಅಂದರು ಅತ್ತಿಗೆ. "ಎರಡು ವಾರ ನಾನು ಅವರನ್ನ ಬೈದೆ. ನೀನು ಕೇಳ್ತಾ ಕೂತಿದ್ದೆ."

ಒದ್ದೆ ಕೈಯಲ್ಲೇ ಹೊರಗೆ ಹೋದರು.

ಮಾರ್ಚ್ 31, ಸೋಮವಾರ

ಅಧಿಕಾರಿಯ ಕಚೇರಿಗೆ ಹೋಗಿ ಹೇಳಿಕೆ ತಿದ್ದಿಸಿದೆ. "ಬಾಗಿಲು ಹಾಕಿತ್ತು" ಎಂಬುದನ್ನು ಹೊಡೆದು "ನಾನು ಹಾಕಿದೆ" ಎಂದು ಬರೆಸಿದೆ. ಟೀಚರ್ ಬೆಳಿಗ್ಗೆಯೇ ಬಂದು ತಮ್ಮ ಹೇಳಿಕೆ ಕೊಟ್ಟು ಹೋದರಂತೆ. ಅಂಗಡಿಯವರು ಹೇಳಿದ ಹೋದ ವರ್ಷದ ಸಾವಿನ ಸಂಗತಿಯನ್ನೂ ಬರೆಸಿದೆ. ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಬಾಗಿಲು ತೆರೆದಿದ್ದರೆ ಅಣ್ಣ ಬದುಕುತ್ತಿದ್ದನೇ ಎಂದು ಕೇಳಿದೆ. ಹೇಳಲಾಗದು ಅಂದರು. ತಲೆ ಟಬ್ಬಿನೊಳಗೇ ಇತ್ತಲ್ಲ, ಬಾಗಿಲೊಂದೇ ತೆರೆದರೆ ಸಾಲುತ್ತಿತ್ತೋ ಇಲ್ಲವೋ, ಯಾರೂ ಹೇಳಲಾರರು. ಬದುಕುತ್ತಿರಲಿಲ್ಲ ಎಂದಾದರೂ ಹೇಳಬಾರದೇ, ಬದುಕುತ್ತಿದ್ದ ಎಂದಾದರೂ ಹೇಳಬಾರದೇ? ಇನ್ನು ಜೀವನಪೂರ್ತಿ ಹೀಗೇ, ನಡುವೆ.

ಏಪ್ರಿಲ್ 2, ಬುಧವಾರ

ಅತ್ತಿಗೆ ಮಾತಾಡುತ್ತಿಲ್ಲ. ನನ್ನ ತಟ್ಟೆಗೆ ಊಟ ಹಾಕಿಟ್ಟು ಒಳಗೆ ಹೋಗುತ್ತಾರೆ. ಆದರೆ ಅಣ್ಣನನ್ನು ಬೈಯುವುದು ನಿಂತಿದೆ. ನಿನ್ನೆ ಅವನ ಅಂಗಿಗಳನ್ನು ಮಡಚುತ್ತ ಒಬ್ಬರೇ ಅಳುತ್ತಿದ್ದರು. ಅಣ್ಣ ಹೋದ ಮೇಲೆ ಅವರು ಅತ್ತದ್ದು ಇದೇ ಮೊದಲು.

ನನ್ನ ಬಟ್ಟೆ ಒಂದು ಚೀಲಕ್ಕೆ ಹಾಕಿಟ್ಟುಕೊಂಡಿದ್ದೇನೆ. ಹೋಗು ಎಂದರೆ ಹೋಗಬೇಕಲ್ಲ.

ಏಪ್ರಿಲ್ 4, ಶುಕ್ರವಾರ

ಟೈಲ್ಸ್ ಕೂರಿಸುವವರ ತಂಡವೊಂದು ಕರೆದಿತ್ತು. ದೊಡ್ಡ ಕಟ್ಟಡ, ಇಪ್ಪತ್ತೆರಡು ಸ್ನಾನದ ಕೋಣೆ. ಎಲ್ಲರನ್ನೂ ಕೂರಿಸಿಕೊಂಡು ಎಣ್ಣೆಯ ವಿಷಯ ಹೇಳಿದೆ. ಕಿಟಕಿ ತೆಗೆಯಲು ಬಾರದ ನಾಲ್ಕು ಕೋಣೆ ಇವೆ, ಅವನ್ನು ಸರಿಮಾಡದ ಹೊರತು ಯಾರೂ ಒಳಗೆ ಹೋಗಕೂಡದು ಎಂದೆ. ಮೇಸ್ತ್ರಿ ಒಪ್ಪಿದರು.

ಏಪ್ರಿಲ್ 6, ಭಾನುವಾರ

ಅತ್ತಿಗೆ ಇವತ್ತು ಬೆಳಿಗ್ಗೆ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತರು. ಮೂಲೆಯಲ್ಲಿದ್ದ ಚೀಲ ಕಣ್ಣಿಗೆ ಬಿತ್ತು. ಅದನ್ನು ಕಾಲಿನಿಂದ ಮಂಚದ ಕೆಳಕ್ಕೆ ತಳ್ಳಿದರು.

"ಒಂದು ಕೇಳ್ತೀನಿ. ನಿಜ ಹೇಳು" ಅಂದರು. "ನೀನು ಬಾಗಿಲು ಹಾಕೋವಾಗ ಅವರು ಸುಮ್ಮನಿದ್ರಾ? ಏನೂ ಅನ್ನಲಿಲ್ವಾ?"

ಇದೊಂದನ್ನು ನಾನು ಎಲ್ಲೂ ಹೇಳಿಲ್ಲ, ಈ ಪುಸ್ತಕದಲ್ಲೂ ಬರೆದಿಲ್ಲ. ಹೇಳಿದರೆ ಅವನೇ ಒಪ್ಪಿದ್ದ ಎಂದು ಭಾರವನ್ನು ಅವನ ಮೇಲೆ ಇಳಿಸಿದ ಹಾಗಾಗುತ್ತದೆ ಎಂದು ನುಂಗಿಕೊಂಡಿದ್ದೆ. ಆದರೆ ಅತ್ತಿಗೆ ಬಾಗಿಲ ವಿಷಯ ಕೇಳುತ್ತಿರಲಿಲ್ಲ. ಅವರ ಮುಖ ನೋಡಿದ ಮೇಲೆ ನನಗೆ ತಿಳಿಯಿತು. ಆವತ್ತು ಬೆಳಿಗ್ಗೆ ಅತ್ತಿಗೆ ಎದ್ದು ಬರುವ ಮೊದಲೇ ನಾವಿಬ್ಬರೂ ಮನೆ ಬಿಟ್ಟಿದ್ದೆವು. ಅಣ್ಣನ ಕೊನೆಯ ಮಾತು ಏನೆಂದು ಅವರಿಗೆ ಗೊತ್ತಿಲ್ಲ. ಜಗತ್ತಿನಲ್ಲಿ ಅದು ನನಗೊಬ್ಬಳಿಗೇ ಗೊತ್ತು.

"ಅಂದ" ಎಂದೆ. "ತಲೆ ಎತ್ತಿ ನೋಡಿ, ಹಾಕು ಹಾಕು, ಪಾಪ ಆ ಅಜ್ಜಿ ಕೆಮ್ತಿದ್ದಾರೆ ಅಂದ. ಆಮೇಲೆ, ಸಿಲಿಕಾನು ಬಿಳೀದು ತರಬೇಡ, ದಂತದ ಬಣ್ಣದ್ದು ತಾ, ಬಿಳೀದು ತಂದ್ರೆ ನಿನ್ನನ್ನೇ ಈ ಸಂದಿಗೆ ತುಂಬಿಬಿಡ್ತೀನಿ ಅಂದ."

"ಅಷ್ಟೇನಾ?"

"ಅಷ್ಟೇ."

ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಬಹಳ ಹೊತ್ತು ಭುಜ ಅಲುಗುತ್ತಿತ್ತು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಅವರು ಹೇಗೆ ಹೇಳಿದರೋ ಹಾಗೇ ಹೇಳು ಅಂದರು. ಅಣ್ಣನ ಹಾಗೆ ಗಲ್ಲ ಮೇಲೆತ್ತಿ, ಅವನು ಮಾತು ಎಳೆಯುವ ಕಡೆ ಎಳೆದು ಹೇಳಿದೆ. ಆಮೇಲೆ ಅತ್ತಿಗೆ ಹೊರಗೆ ಕೂಗಿ, "ಚಿನ್ನು, ಬಾ ಇಲ್ಲಿ. ಅಪ್ಪ ಏನಂದ್ರು ಕೇಳಿಸ್ಕೋ" ಅಂದರು. ಅವಳಿಗಾಗಿ ಮೂರನೇ ಸಲ.

ಚಿನ್ನು ಕೇಳಿ, ಹುಬ್ಬು ಗಂಟಿಕ್ಕಿಕೊಂಡು, "ನೀನು ಯಾವ ಬಣ್ಣ ತಂದೆ ಅತ್ತೆ?" ಅಂದಳು.

"ದಂತದ ಬಣ್ಣದ್ದೇ ತಂದೆ."

"ಹಾಗಾದ್ರೆ ಸರಿಯಾದ್ದೇ ತಂದಿದ್ದೀಯ" ಅಂದರು ಅತ್ತಿಗೆ.